ಒಲ್ಲೆ ತಿರುವು

ಅನಘಾ, ಯುಗಾದಿಯ ದಿನ ಸೊಲಿಹಲ್‌ನ ಸಭಾಂಗಣದಲ್ಲಿ ಹೋಳಿಗೆಯ ತಟ್ಟೆ ಹಿಡಿದು ನಿಂತು ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಆಂಟಿ, ಬಟ್ ವಾಟ್ ಡಿಡ್ ಯು ಆಕ್ಚುಲಿ ಡೂ?" ಎಂದಿದ್ದೆ. "ರೇಸ್ ಟ್ರ್ಯಾಕ್ ನೋಡ್ತಿದ್ದೆ ಕಣೆ" ಎಂದು ನಾನು ಪಲ್ಯ ಹಾಕಿಸಿಕೊಳ್ಳಲು ಹೋಗಿಬಿಟ್ಟೆ. ಮೊನ್ನೆ ಮ್ಯಾಕಲ್ಸ್‌ಫೀಲ್ಡ್‌ನಿಂದ ನಿನ್ನಮ್ಮ ಫೋನ್ ಮಾಡಿ, ನೀನೂ ಅದೇ ಕೆಲಸಕ್ಕೆ ಸೇರುತ್ತಿದ್ದೀಯ ಎಂದಳು. ಆಗಿನಿಂದ ನನಗೆ ಸಮಾಧಾನವಿಲ್ಲ. ಹೇಳಬೇಕಾದದ್ದನ್ನು ಹೇಳದೆ ಪಲ್ಯಕ್ಕೆ ಹೋದೆನಲ್ಲ ಎನ್ನಿಸುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಕನ್ನಡ ಓದುವುದು ಕಷ್ಟವಾದರೆ ಅಮ್ಮನ ಕೈಲಿ ಓದಿಸಿಕೋ. ಅವಳೂ ಕೇಳಿದ ಹಾಗಾಗುತ್ತದೆ.

ನಾನು ದಾವಣಗೆರೆಯಲ್ಲಿ ಸಿವಿಲ್ ಓದಿದವಳು. ಮದುವೆಯಾಗಿ ನಿಮ್ಮ ಶ್ರೀಧರ ಅಂಕಲ್ ಜೊತೆ ಬರ್ಮಿಂಗ್‌ಹ್ಯಾಮಿಗೆ ಬಂದಾಗ ಅವರು ಆಸ್ಪತ್ರೆಯ ಡ್ಯೂಟಿ ಪಾಳಿಗಳಲ್ಲಿ ಮುಳುಗಿದ್ದರು. ನಾನು ಕೌನ್ಸಿಲ್‌ನ ರಸ್ತೆ ವಿಭಾಗದಲ್ಲಿ ಗುಂಡಿ ಎಣಿಸುತ್ತಿದ್ದೆ. ಕೆಲವು ವರ್ಷ ಎಣಿಸಿದ ಮೇಲೆ, ಕಾರ್ಪೆಟ್ ಅಂಗಡಿಯೊಂದರ ಮಹಡಿಯಲ್ಲಿದ್ದ ಸಣ್ಣ ಆಫೀಸಿನ ಜಾಹೀರಾತು ನೋಡಿ ಅರ್ಜಿ ಹಾಕಿದೆ. ಬೇರೆ ಬೇರೆ ದೇಶಗಳ ರೇಸ್ ಟ್ರ್ಯಾಕುಗಳ ನಕ್ಷೆ ತರಿಸಿಕೊಂಡು, ಎಲ್ಲಿ ಅಪಾಯವಿದೆ, ಏನು ಮಾಡಬೇಕು ಎಂದು ವರದಿ ಬರೆದುಕೊಡುವುದು ಅವರ ಕೆಲಸ. ಒಟ್ಟು ನಾಲ್ಕು ಜನ. ಮೇಲಿನವನು ಗೋರ್ಡನ್, ಲೀಡ್ಸ್‌ನವನು, ಆ ಕಡೆಯ ರೂಢಿಯಂತೆ ಎಲ್ಲರನ್ನೂ 'ಲವ್' ಎಂದೇ ಕರೆಯುವವನು. ಅಗಲ ಮೈ, ಕಡಿಮೆ ಮಾತು, ಮೇಜಿನ ಮೇಲೆ ಸದಾ ಅರ್ಧ ತಿಂದ ಮಾಂಸದ ಪೈ.

"ರೇಸ್ ನೋಡಿದೀಯಾ?" ಎಂದು ಕೇಳಿದ.

"ಇಲ್ಲ."

"ಒಳ್ಳೇದಾಯ್ತು ಲವ್. ನೋಡಿರೋರು ಕಾರು ನೋಡ್ತಾರೆ. ನನಗೆ ನೆಲ ನೋಡೋರು ಬೇಕು."

ಸಂದರ್ಶನ ಅಷ್ಟೇ. ಕೆಲಸ ಸಿಕ್ಕಿತು ಎಂದು ನನಗೆ ಗೊತ್ತಾದದ್ದು, ಅವನು ಕೋಟು ಹಾಕಲು ಗೋಡೆಯ ಮೇಲೆ ಒಂದು ಮೊಳೆ ತೋರಿಸಿದಾಗ.

ನೆಲ ನೋಡುವುದೆಂದರೆ ಏನು ಎಂದು ಅವನೇ ಕಲಿಸಿದ. ಕಾರು ಎಲ್ಲಿ ಓಡುತ್ತದೆ ಎಂಬುದು ನಮ್ಮ ಚಿಂತೆಯಲ್ಲ. ಓಡಬಾರದ ಕಡೆ ಓಡಿದರೆ ಅದರ ಎದುರಿಗೆ ಏನು ಸಿಗುತ್ತದೆ ಎಂಬುದು ನಮ್ಮ ಚಿಂತೆ. ಉದ್ದನೆಯ ನೇರ ದಾರಿ ಮುಗಿದು ತಿರುವು ಬರುವಲ್ಲಿ ಒಬ್ಬನ ಬ್ರೇಕು ಕೈಕೊಡುತ್ತದೆ ಎಂದಿಟ್ಟುಕೋ. ಅವನು ನೇರ ಹೋಗುತ್ತಾನೆ. ಅಲ್ಲಿ ಬಯಲಿರಬೇಕು, ಬಯಲಲ್ಲಿ ಕಾರಿನ ವೇಗ ನುಂಗುವಷ್ಟು ಆಳದ ಜಲ್ಲಿ ಹಾಸಿರಬೇಕು, ಅದರಾಚೆ ಹಳೇ ಟೈರುಗಳ ಅಟ್ಟಿ ಕಟ್ಟಿರಬೇಕು. ತಿರುವಿನಿಂದ ಹೊರಬರುವ ಕಡೆ ಕಾರು ನಿಧಾನವಾಗಿರುತ್ತದೆ, ಅಲ್ಲಿ ಇಷ್ಟೆಲ್ಲ ಬೇಡ. ನಮ್ಮ ವಿದ್ಯೆಯ ಮುಕ್ಕಾಲು ಪಾಲು ಇದೇ.

ಅಡುಗೆಮನೆಯ ಸಿಂಕು ಸೋರಿದರೂ ನಮ್ಮವರು "ವಸು, ಜಲ್ಲಿ ಹಾಕೇ" ಎನ್ನುತ್ತಿದ್ದರು.

ಇಪ್ಪತ್ತು ವರ್ಷದ ಹಿಂದೆ ಅರ್ಜೆಂಟೀನಾದಿಂದ ಒಂದು ನಕ್ಷೆ ಬಂತು. ಅಲ್ಲಿನ ಬಯಲುಸೀಮೆಯ, ಗೋಧಿ ಮತ್ತು ಹಾಲಿನ ಮೇಲೆ ಬದುಕುವ ಒಂದು ಸಣ್ಣ ಊರು. ಊರಿನ ಮೋಟಾರ್ ಕ್ಲಬ್ಬಿನವರು ತಾವೇ ಕಟ್ಟಿಕೊಂಡ ರೇಸ್ ಟ್ರ್ಯಾಕು. ಅದರಲ್ಲಿ ದೇಶದ ದೊಡ್ಡ ಸರಣಿಯ ಒಂದು ರೇಸ್ ನಡೆಸಬೇಕೆಂದು ಅವರ ಆಸೆ. ಪರವಾನಗಿ ಕೊಡುವವರು ಹೊರಗಿನ ಎಂಜಿನಿಯರ್ ಒಬ್ಬರ ವರದಿ ತನ್ನಿ ಎಂದಿದ್ದರಂತೆ. ಹಾಗೆ ಆ ಸ್ಕ್ಯಾನ್ ಮಾಡಿದ ಹಳೆಯ, ಮಾಸಿದ ನಕ್ಷೆ ನನ್ನ ಮೇಜಿಗೆ ಬಂತು.

ನಕ್ಷೆಯ ಒಂದು ಮೂಲೆಯಲ್ಲಿ, ತಿರುವೊಂದರ ಪಕ್ಕ, ದೊಡ್ಡ ಬಾಣದ ಗುರುತಿತ್ತು. ಅದರ ಕೆಳಗೆ "ವಿಯೆಂತೊ" ಎಂದು ಬರೆದಿತ್ತು. ಬಾಣ ಕಾರು ಓಡುವ ದಿಕ್ಕು, ವಿಯೆಂತೊ ಆ ತಿರುವಿನ ಹೆಸರು ಎಂದು ನಾನು ಅರ್ಥ ಮಾಡಿಕೊಂಡೆ. ಬಾಣದ ಪ್ರಕಾರ ಕಾರುಗಳು ಗಡಿಯಾರದ ಮುಳ್ಳಿನ ಹಾಗೆ ಸುತ್ತಬೇಕು. ನನಗೆ ಅನುಮಾನವೇ ಬರಲಿಲ್ಲ. ದಾವಣಗೆರೆಯಲ್ಲಿ ಬೆಳೆದವಳಿಗೆ ಸುತ್ತುವುದೆಂದರೆ ಪ್ರದಕ್ಷಿಣೆ. ಅಪ್ರದಕ್ಷಿಣೆ ಸುತ್ತುವವರೂ ಇರುತ್ತಾರೆ ಎಂದು ಯಾರು ಯೋಚಿಸುತ್ತಾರೆ?

ಮೂರು ವಾರ ಕೂತು ವರದಿ ಬರೆದೆ. ಉದ್ದನೆಯ ನೇರ ದಾರಿಯಲ್ಲಿ ವಿಯೆಂತೊಗೆ ಎದುರು ತುದಿಯಲ್ಲಿದ್ದ ಚೂಪಾದ ತಿರುವಿನ ಹತ್ತಿರ ಟೈರುಗಳ ದೊಡ್ಡ ಅಟ್ಟಿ ಇತ್ತು. ನನ್ನ ಲೆಕ್ಕದಲ್ಲಿ ಕಾರು ಅಲ್ಲಿಂದ ನಿಧಾನವಾಗಿ ಹೊರಬರುತ್ತದೆ. "ಈ ತಿರುವಿನ ಬಗ್ಗೆ ಯಾವ ಆತಂಕವೂ ಇಲ್ಲ. ಇಲ್ಲಿನ ಟೈರುಗಳನ್ನು ವಿಯೆಂತೊ ತಿರುವಿಗೆ ಸಾಗಿಸುವುದು ಸೂಕ್ತ" ಎಂದು ಬರೆದೆ. ಗೋರ್ಡನ್ ಕೆಳಗೆ ಸಹಿ ಹಾಕಿದ. ವರದಿ ಹೋಯಿತು. ಚೆನ್ನಾಗಿ ಬರೆದಿದ್ದೇನೆ ಎಂದು ನನಗೆ ಹೆಮ್ಮೆಯೂ ಇತ್ತು.

ಎರಡು ತಿಂಗಳ ಮೇಲೆ ಒಂದು ಇಮೇಲ್ ಬಂತು. ಬರೆದವಳ ಹೆಸರು ಗ್ರಾಸಿಯೇಲಾ. ಆ ಊರಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಟ್ರ್ಯಾಕಿನ ಉಸ್ತುವಾರಿ ನೋಡಿಕೊಳ್ಳುವ ಒಸ್ವಾಲ್ದೊ ಎಂಬುವರ ಮಗಳು. ಅವಳು ಬರೆದದ್ದು ಇಂದಿಗೂ ನನಗೆ ಬಾಯಿಪಾಠ:

"ಗೌರವಾನ್ವಿತ ಎಂಜಿನಿಯರ್ ಅವರಿಗೆ. ನಿಮ್ಮ ವರದಿ ಬಹಳ ಚೆನ್ನಾಗಿದೆ, ಕಾರುಗಳು ರಿವರ್ಸ್ ಗೇರಿನಲ್ಲಿ ಓಡುವುದಾದರೆ ಅದಕ್ಕಿಂತ ಒಳ್ಳೆಯ ವರದಿ ಸಾಧ್ಯವಿಲ್ಲ ಎಂದು ತಂದೆಯವರು ತಿಳಿಸಲು ಹೇಳಿದ್ದಾರೆ. ವಿಯೆಂತೊ ಎಂದರೆ ನಮ್ಮ ಭಾಷೆಯಲ್ಲಿ ಗಾಳಿ. ಬಾಣ ಗಾಳಿ ಬೀಸುವ ದಿಕ್ಕನ್ನು ತೋರಿಸುತ್ತದೆ; ಕಾರುಗಳು ಓಡುವುದು ಅದರ ಎದುರು ದಿಕ್ಕಿಗೆ."

ಇಷ್ಟು ಓದಿ ನನಗೆ ನಗು ಬಂದಿತ್ತು. ಮುಂದಿನ ಸಾಲಿಗೆ ಬಂದಾಗ ನಗು ನಿಂತಿತು. ತಂದೆಯವರು ಬೇಡವೆಂದರೂ ಕ್ಲಬ್ಬಿನ ಸಮಿತಿಯವರು ಇಂಗ್ಲೆಂಡಿನ ಮಾತು ದೊಡ್ಡದೆಂದು ಟೈರುಗಳನ್ನು ಸಾಗಿಸಿಬಿಟ್ಟಿದ್ದರು. ಕಳೆದ ಭಾನುವಾರ ಊರಿನ ಸಣ್ಣ ರೇಸಿನಲ್ಲಿ ಒಂದು ಕಾರು ಟೈರು ತೆಗೆದಿದ್ದ ಆ ತಿರುವಿನಲ್ಲಿ ನೇರ ಹೋಗಿ, ಬೇಲಿ ಮುರಿದು, ಹೊಲದ ಕಲ್ಲಿನ ತೊಟ್ಟಿಗೆ ಗುದ್ದಿತ್ತು. ಓಡಿಸುತ್ತಿದ್ದವನು ಊರಿನ ಬೇಕರಿಯವನು. ತೊಡೆಯ ಮೂಳೆ ಮುರಿದಿತ್ತು.

ಪ್ರಿಂಟ್ ತೆಗೆದು ಗೋರ್ಡನ್ ಮುಂದಿಟ್ಟೆ. ಅವನು ಎರಡು ಸಲ ಓದಿದ. ಪೈಯನ್ನು ಪಕ್ಕಕ್ಕೆ ಸರಿಸಿದ. ಅವನು ಅದನ್ನು ಸರಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಕ್ಷೆ ತಪ್ಪಾಗಿತ್ತಾ?"

"ಇಲ್ಲ. ನಾನು ಓದಿದ್ದು ತಪ್ಪು."

"ಕೆಳಗೆ ನನ್ನ ಸಹಿನೂ ಇದೆ ಲವ್. ನಾನು ಓದೇ ಇಲ್ಲ. ನಿನ್ನ ಇಂಗ್ಲಿಷ್ ಚೆನ್ನಾಗಿದೆ ಅಂತ ಸಹಿ ಹಾಕಿದೆ."

"ಈಗಲೇ ತಿದ್ದುಪಡಿ ಕಳಿಸ್ತೀನಿ. ಕ್ಷಮೆನೂ ಕೇಳ್ತೀನಿ."

"ಟೈರು ವಾಪಸ್ ಇಡಿ ಅಂತ ಈಗಲೇ ಕಳಿಸು. ಕ್ಷಮೆನ ಇಮೇಲಲ್ಲಿ ಕಳಿಸ್ಬೇಡ. ಅದನ್ನ ಹೊತ್ಕೊಂಡು ಹೋಗು."

ಮನೆಗೆ ಬಂದು ನಮ್ಮವರಿಗೆ ಹೇಳಿದೆ. "ರೀ, ನಾನು ಒಬ್ಬನ ಕಾಲು ಮುರಿದಿದೀನಿ." ಅವರು ಡಾಕ್ಟರಲ್ಲವೇ, ಮೊದಲು ಕೇಳಿದ್ದು ಯಾವ ಮೂಳೆ ಎಂದು. ಹೇಳಿದೆ. "ಕೂಡುತ್ತೆ, ಟೈಮ್ ಹಿಡಿಯುತ್ತೆ" ಎಂದರು. ಆಮೇಲೆ, "ನಾನೂ ಎರಡು ಸಲ ಹಾಗೆ ಹೋಗಿ ನಿಂತಿದೀನಿ ವಸು, ಪೇಷಂಟ್ ಮನೆ ಬಾಗಿಲಲ್ಲಿ. ಹೋಗಿ ಬಾ. ಹೋಗದೆ ಇದ್ರೆ ಮುಂದೆ ಯಾವ ನಕ್ಷೆನೂ ಬಿಚ್ಚೋಕಾಗಲ್ಲ" ಎಂದರು. ಆ ಎರಡು ಸಲದ ವಿಷಯ ಅವರು ನನಗೆ ಅಲ್ಲಿಯವರೆಗೆ ಹೇಳಿರಲಿಲ್ಲ.

ಎರಡು ವಿಮಾನ, ಒಂದು ಬಸ್ಸು ಹಿಡಿದು ಆ ಊರು ಮುಟ್ಟಿದೆ. ಬಸ್ ನಿಲ್ದಾಣಕ್ಕೆ ಗ್ರಾಸಿಯೇಲಾ ತಂದೆಯ ಜೊತೆ ಬಂದಿದ್ದಳು. ಒಸ್ವಾಲ್ದೊಗೆ ಅರವತ್ತರ ಹತ್ತಿರ. ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ, ಮಾತಿಗೆ ಮುಂಚೆ ಟೋಪಿ ತೆಗೆಯುವ ಮನುಷ್ಯ. ಬೈಯುತ್ತಾರೆಂದು ಕಾದೆ. ಅವರು ನನ್ನ ಚೀಲ ತೆಗೆದುಕೊಂಡು ಏನೋ ಹೇಳಿದರು. ಮಗಳು ಅನುವಾದಿಸಿದಳು: "ನೀವು ರಿವರ್ಸಿನಲ್ಲಿ ಬರದೆ ಮುಂದಿನಿಂದ ಬಂದಿರಿ, ಸಂತೋಷ ಅಂತಿದಾರೆ."

ಅವರ ಜೋಕಿಗೆ ನಗಬೇಕೋ ಅಳಬೇಕೋ ತಿಳಿಯದೆ ಹಿಂದೆ ನಡೆದೆ.

ಅಂದು ಮಧ್ಯಾಹ್ನ ಮೂವರೂ ಟ್ರ್ಯಾಕನ್ನು ಕಾಲ್ನಡಿಗೆಯಲ್ಲಿ ಸುತ್ತಿದೆವು, ಕಾರು ಓಡುವ ದಿಕ್ಕಿನಲ್ಲೇ. ಸುತ್ತುತ್ತ ಒಸ್ವಾಲ್ದೊ ಅದರ ಕಥೆ ಹೇಳಿದರು. ಮೊದಲು ಈ ಊರಿನವರು ಮಣ್ಣಿನ ರಸ್ತೆಯಲ್ಲೇ ರೇಸ್ ಓಡಿಸುತ್ತಿದ್ದರಂತೆ. ಚರ್ಚಿನ ಮುಂದಿನಿಂದ ಹೊರಟು, ಹಾಲಿನ ಡೇರಿ ಸುತ್ತಿ, ಶಾಲೆಯ ಮಗ್ಗುಲಲ್ಲಿ ಬರುವುದು. ಧೂಳಿನಲ್ಲಿ ಮುಂದಿನ ಕಾರು ಕಾಣದೆ, ಡ್ರೈವರುಗಳು ಮರಗಳ ತುದಿ ನೋಡಿಕೊಂಡು ಓಡಿಸುತ್ತಿದ್ದರು. ಒಮ್ಮೆ ಒಬ್ಬ ತಪ್ಪು ಮರ ನೋಡಿಕೊಂಡು ಡೇರಿಯ ಒಳಗೇ ನುಗ್ಗಿದ. ಊರೆಲ್ಲ ಎರಡು ದಿನ ಹಾಲಿಲ್ಲದೆ ಇತ್ತು. ಆಗ ಪಾದ್ರಿಯೇ ಮುಂದಾಗಿ, ಇದನ್ನು ಊರ ಹೊರಗೆ ಒಯ್ಯಿರಿ ಎಂದರಂತೆ. ಕ್ಲಬ್ಬಿನವರು ಹೊಲದವರನ್ನು ಕೇಳಿ ಕೇಳಿ ತುಂಡು ತುಂಡು ಜಾಗ ಕೂಡಿಸಿದರು. ಬೇಸಾಯದ ಟ್ರಾಕ್ಟರುಗಳಿಂದಲೇ ನೆಲ ಸಮ ಮಾಡಿದರು. ಡಾಂಬರು ಹಾಕಿದ್ದು ಬಹಳ ವರ್ಷದ ಮೇಲೆ.

ಉದ್ದನೆಯ ನೇರ ದಾರಿಯಲ್ಲಿ ನಡೆದೆವು. ಬಲಗಡೆ ನೀಲಗಿರಿ ಮರಗಳ ಸಾಲು, ಮುಂದೆ ತಂತಿಬೇಲಿ. ದಾರಿ ಆ ಬೇಲಿಯ ಮುಂದೆ ಬಂದು, ಹೆದರಿದ ಹಾಗೆ, ಇದ್ದಕ್ಕಿದ್ದಂತೆ ಎಡಕ್ಕೆ ತಿರುಗಿತ್ತು. ನಾನು ಆತಂಕವಿಲ್ಲ ಎಂದು ಬರೆದ ತಿರುವು. ವಾಪಸು ತಂದ ಟೈರುಗಳು ಒಂದರ ಮೇಲೊಂದು ನಿಂತಿದ್ದವು. ಅವುಗಳ ಹಿಂದೆ ಬೇಲಿಗೆ ಹಾಕಿದ ಹೊಸ ತೇಪೆ ಬಿಸಿಲಿಗೆ ಹೊಳೆಯುತ್ತಿತ್ತು. ಬೇಲಿಯಾಚೆ ತರಕಾರಿ ಮಡಿ, ಒಂದು ಬಿಳಿ ಮನೆ, ಕಲ್ಲಿನ ತೊಟ್ಟಿ. ತೊಟ್ಟಿಯ ಅಂಚು ಒಡೆದಿತ್ತು. ನಾನು ಅಲ್ಲೇ ನಿಂತುಬಿಟ್ಟೆ. ಕಾಗದದ ಮೇಲೆ ಅದು ನನ್ನ ಕಿರುಬೆರಳಿನ ಉಗುರಿನಷ್ಟು ಜಾಗ.

"ಇದಕ್ಕೆ ಊರಲ್ಲಿ ಏನಂತಾರೆ?" ಎಂದು ಕೇಳಿದೆ.

"ನೋ ತಿರುವು," ಎಂದಳು ಗ್ರಾಸಿಯೇಲಾ. "ಬೇಡ, ಒಲ್ಲೆ ಅಂತಾರಲ್ಲ, ಆ ನೋ."

ಟ್ರ್ಯಾಕು ಕಟ್ಟುವಾಗ ಎಲ್ಲರೂ ಜಾಗ ಕೊಟ್ಟರು. ಆ ಹೊಲದ ಒಡತಿ ದೋನ್ಯಾ ನೆಲಿದಾ ಒಲ್ಲೆ ಎಂದರು. ನೇರ ಹೋಗಬೇಕಿದ್ದ ದಾರಿ ಅವರ ಬೇಲಿಯ ಮುಂದೆ ತಿರುಗಬೇಕಾಯಿತು. ಊರಿನವರಿಗೆ ಅದೇ ಹೆಸರಾಯಿತು. ದೋನ್ಯಾ ಎಂದರೆ ನಾವು ಅಮ್ಮಾವ್ರು ಎಂದ ಹಾಗೆ. ಆಕೆ ಆಗಿನ್ನೂ ಇದ್ದರು, ಎಂಬತ್ತು ದಾಟಿದ್ದರು, ಅದೇ ಬಿಳಿ ಮನೆಯಲ್ಲಿ.

"ನಿಮಗೆ ಆಕೆ ಪರಿಚಯವಾ?" ಎಂದು ಒಸ್ವಾಲ್ದೊರನ್ನು ಕೇಳಿದೆ.

ಅವರು ಟೋಪಿ ತೆಗೆದರು. "ಅವರು ನನ್ನ ತಾಯಿ."

ತಾಯಿ ಒಲ್ಲೆ ಎಂದ ಟ್ರ್ಯಾಕಿನಲ್ಲಿ ಮಗ ಜೀವಮಾನವೆಲ್ಲ ಕೆಲಸ ಮಾಡಿದ್ದಾನೆ. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಊಟ. ಊಟದ ಹೊತ್ತಿನಲ್ಲಿ ರೇಸಿನ ಮಾತು ಎತ್ತುವ ಹಾಗಿಲ್ಲ. ಇದು ನಲವತ್ತು ವರ್ಷದಿಂದ ನಡೆದುಕೊಂಡು ಬಂದ ಕರಾರು.

ದೊಡ್ಡ ರೇಸ್ ನಡೆಯಬೇಕಾದರೆ ಟೈರುಗಳಷ್ಟೇ ಸಾಲದು ಎಂದು ಹೊರಡುವ ಮುಂಚೆಯೇ ಲೆಕ್ಕ ಹಾಕಿದ್ದೆ, ಆ ಜಾಗ ನೋಡಿದ ಮೇಲೆ ಖಚಿತವಾಯಿತು. ಆ ವೇಗಕ್ಕೆ ಬೇಲಿಯಾಚೆ ಜಲ್ಲಿಯ ಹಾಸು ಬೇಕೇ ಬೇಕು. ಆಕೆಯ ಹೊಲದಲ್ಲಿ ಜಾಗ ಸಿಗದಿದ್ದರೆ ನಾನು ಈ ಟ್ರ್ಯಾಕಿಗೆ ಒಪ್ಪಿಗೆ ಬರೆಯುವ ಹಾಗಿರಲಿಲ್ಲ. ದೊಡ್ಡ ರೇಸ್ ಮಾತ್ರವಲ್ಲ, ಸಣ್ಣ ರೇಸನ್ನೂ ನಿಲ್ಲಿಸಿ ಎಂದು ಬರೆಯಬೇಕಾಗುತ್ತಿತ್ತು. ಊರಿನವರು ಟ್ರಾಕ್ಟರಿನಲ್ಲಿ ಉತ್ತು ಕಟ್ಟಿದ್ದನ್ನು ನನ್ನ ಒಂದು ಕಾಗದ ಮುಚ್ಚಿಸುತ್ತಿತ್ತು.

"ಅಮ್ಮನನ್ನು ಕೇಳೋದು ಮೊದಲೇ ಕಷ್ಟ ಇತ್ತು," ಎಂದರು ಒಸ್ವಾಲ್ದೊ. "ಈಗ ಅವರ ಹತ್ತಿರ ನಿಮ್ಮ ವರದಿ ಇದೆ."

ಮರುದಿನ ಬೆಳಿಗ್ಗೆ ಆ ಮನೆಗೆ ಹೋದೆವು. ಅಂಗಳದಲ್ಲೇ ನನ್ನ ಕಾಲು ನಿಂತಿತು. ಅಲ್ಲೊಂದು ದೊಡ್ಡ ಕೋಳಿಗೂಡು. ಗೋಡೆ, ಸೂರು, ಬಾಗಿಲು ಎಲ್ಲವೂ ರೇಸ್ ಕಾರಿನ ತುಂಡುಗಳು. ಕೆಳಗಿನ ಸಾಲಿನಲ್ಲಿ ದಪ್ಪ ತಗಡಿನ ದುಂಡನೆಯ ಬಾನೆಟ್ಟುಗಳು, ಕೈಯಲ್ಲಿ ಬರೆದ ನಂಬರುಗಳು. ಅದರ ಮೇಲೆ ತೆಳು ತಗಡಿನ ಬಾಗಿಲುಗಳು, ಹಾಲಿನ ಡೇರಿಯ ಜಾಹೀರಾತು. ಎಲ್ಲಕ್ಕೂ ಮೇಲೆ ಪ್ಲಾಸ್ಟಿಕ್ಕಿನ ಬಂಪರುಗಳು, ಮಿರುಗುವ ಸ್ಟಿಕ್ಕರುಗಳು. ಹಿಂದಿನ ದಿನ ಒಸ್ವಾಲ್ದೊ ಹೇಳಿದ ಇತಿಹಾಸವೆಲ್ಲ ಅಲ್ಲಿ ವರಸೆಯಾಗಿ ನಿಂತಿತ್ತು. ಬೇಲಿ ಹಾರಿ ಬಂದದ್ದೆಲ್ಲ ದೋನ್ಯಾ ನೆಲಿದಾರ ಸ್ವತ್ತು. ಚಕ್ರ ಕಳೆದುಕೊಂಡವರು ಕೇಕ್ ತಂದು ಕೊಟ್ಟು ಬಿಡಿಸಿಕೊಂಡು ಹೋಗಬೇಕು. ಬಾಗಿಲು ಮಾತ್ರ ಏನು ತಂದರೂ ವಾಪಸಿಲ್ಲ.

ದೋನ್ಯಾ ನೆಲಿದಾರದು ಸಣ್ಣ ಆಕಾರ, ಬಿಳಿಯ ಜಡೆ, ಗಟ್ಟಿ ಕೈ. ನನ್ನನ್ನು ನೋಡಿದ್ದೇ ಎದ್ದು ನಿಂತು ಎರಡೂ ಕೆನ್ನೆಗೆ ಮುತ್ತಿಟ್ಟರು. ಕೂರಿಸಿ ಮಾತೆ ಕೊಟ್ಟರು. ಅನಘಾ, ಅಲ್ಲಿ ಮಾತೆ ಎಂದರೆ ತಾಯಿಯಲ್ಲ, ಒಂದು ಬಗೆಯ ಕಹಿ ಸೊಪ್ಪಿನ ಕಷಾಯ. ಒಂದೇ ಸೋರೆಬುರುಡೆ, ಒಂದೇ ಲೋಹದ ಕೊಳವೆ. ಮನೆಯವರು, ಬಂದವರು ಎಲ್ಲರೂ ಸರದಿಯಲ್ಲಿ ಅದರಲ್ಲೇ ಹೀರಬೇಕು. ಲೋಟ ಎತ್ತಿ ನೀರು ಕುಡಿಯುವ ಮನೆಯಲ್ಲಿ ಬೆಳೆದ ನನಗೆ, ಮೂವರು ಹೀರಿದ ಕೊಳವೆ ಬಾಯಿಗೆ ಬಂದಾಗ ನಮ್ಮಮ್ಮನ ಮುಖ ಕಣ್ಣಮುಂದೆ ನಿಂತಿತು. ಒಬ್ಬನ ಕಾಲು ಮುರಿದವಳಿಗೆ ಎಂಜಲಿನ ಮಡಿವಂತಿಕೆ ಎಲ್ಲಿಂದ ಬಂತು ಎಂದುಕೊಂಡು ಹೀರಿದೆ.

ಆಕೆ ಒಂದು ಬಿಸ್ಕತ್ತಿನ ಡಬ್ಬಿ ತೆಗೆದರು. ಅದರೊಳಗೆ ಸತ್ತ ಗಂಡನ ಫೋಟೊ, ಮೊಮ್ಮಗಳ ಮೊದಲ ಹಲ್ಲು, ನನ್ನ ವರದಿಯ ಆ ಒಂದು ಪುಟ. ಗ್ರಾಸಿಯೇಲಾ ಮೊದಲೇ ಅನುವಾದಿಸಿ ಕೊಟ್ಟಿದ್ದಳಂತೆ.

"ಈ ತಿರುವಿನ ಬಗ್ಗೆ ಯಾವ ಆತಂಕವೂ ಇಲ್ಲ," ಎಂದು ಓದಿದರು. "ಇಷ್ಟು ವರ್ಷದಲ್ಲಿ ನನ್ನ ಪರವಾಗಿ ಬರೆದ ಮೊದಲನೇ ಎಂಜಿನಿಯರ್ ನೀವು. ಈ ಊರಿನ ಗಂಡಸರೆಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನೂ ಸೇರಿ, ನನ್ನ ಹೊಲದಿಂದಲೇ ಅಪಾಯ ಅಂತಿದ್ದರು. ಹೆಣ್ಣುಮಗಳು ದೂರದಿಂದ ನೋಡಿ ಸರಿಯಾಗಿ ಹೇಳಿದಳು."

ನಾನು ಗ್ರಾಸಿಯೇಲಾ ಕಡೆ ತಿರುಗಿದೆ. "ಹೇಳು. ನಾನು ನಕ್ಷೆನ ಉಲ್ಟಾ ಓದಿದೆ. ಅದರಲ್ಲಿ ಬರೆದಿರೋದು ತಪ್ಪು. ಈ ಟ್ರ್ಯಾಕಿನಲ್ಲಿ ಎಲ್ಲಕ್ಕಿಂತ ಅಪಾಯದ ಜಾಗ ಇದೇ."

ಅವಳು ಹಿಂಜರಿದಳು. "ಹೀಗೇ ಹೇಳ್ಲಾ?"

"ಹೀಗೇ."

ಹೇಳಿದಳು. ದೋನ್ಯಾ ನೆಲಿದಾ ಬುರುಡೆಗೆ ಬಿಸಿನೀರು ತುಂಬಿದರು. ನನ್ನ ಸರದಿ ಬಂತು, ಕೊಡಲಿಲ್ಲ. ತಾವೇ ಹೀರಿದರು.

"ಹಾಗಾದರೆ ಬೇಕರಿಯವನ ಕಾಲು?"

"ನನ್ನ ತಪ್ಪಿನಿಂದ."

"ಅವನ ಹತ್ತಿರ ಹೋಗಿದ್ದಿರಾ?"

"ಇನ್ನೂ ಇಲ್ಲ. ಮೊದಲು ಇಲ್ಲಿಗೆ ಬಂದೆ."

"ಜಾಗ ಬೇಕು ಅಂತ ಮೊದಲು ಇಲ್ಲಿಗೆ," ಎಂದರು. ಆ ಪುಟವನ್ನು ಮಡಚಿ ಡಬ್ಬಿಯಿಂದ ಹೊರಗಿಟ್ಟರು. "ಅಲ್ಲಿಗೆ ಹೋಗಿ. ಆಮೇಲೆ ಬನ್ನಿ."

ನನ್ನ ವೃತ್ತಿಯಲ್ಲಿ ಗೋರ್ಡನ್ ಬಿಟ್ಟರೆ ನನಗೆ ಮೇಲಧಿಕಾರಿ ಎನ್ನಿಸಿದವರು ಅವರೊಬ್ಬರೇ.

ಬೇಕರಿಯವನು ಅಂಗಡಿಯಲ್ಲೇ ಇದ್ದ. ಪಟ್ಟಿ ಕಟ್ಟಿದ ಕಾಲನ್ನು ಹಿಟ್ಟಿನ ಮೂಟೆಯ ಮೇಲೆ ಚಾಚಿ ಕೂತು, ಹೆಂಡತಿಗೆ ಒಲೆ ಹೇಗೆ ನೋಡಬೇಕೆಂದು ಆಜ್ಞೆ ಮಾಡುತ್ತಿದ್ದ. ಆಕೆ ಅವನ ಆಜ್ಞೆ ಕೇಳದೆ ಒಳ್ಳೆಯ ಬ್ರೆಡ್ಡು ತೆಗೆಯುತ್ತಿದ್ದಳು. ನಾನು ಯಾರು, ಯಾಕೆ ಬಂದೆ ಎಂದು ಗ್ರಾಸಿಯೇಲಾ ಮೂಲಕ ಹೇಳಿದೆ.

ಅವನು ನಕ್ಕ. "ಬ್ರೇಕ್ ಹಾಕೋದು ತಡ ಮಾಡಿದ್ದು ನಾನು. ಟೈರು ಇದ್ದಿದ್ರೂ ನಾನು ಕೆಟ್ಟ ಡ್ರೈವರೇ."

"ಟೈರು ಇದ್ದಿದ್ರೆ ಕಾಲು ನೆಟ್ಟಗಿರ್ತಿತ್ತು."

ಅವನು ಹೆಂಡತಿಯ ಕಡೆ ನೋಡಿದ. ನಗು ಕಡಿಮೆಯಾಯಿತು. "ಇರ್ತಿತ್ತೇನೋ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಇವಳು ಗೋಡೆ ಕಡೆ ತಿರುಗಿ ನಿಂತಿದ್ದಳು. ಅದನ್ನ ಮರೆಯೋಕಾಗಲ್ಲ." ಕಾಲನ್ನು ಮೂಟೆಯ ಮೇಲೆ ಸರಿಸಿಕೊಂಡು, "ಇವಳ ತಮ್ಮನೂ ರೇಸ್ ಓಡಿಸ್ತಾನೆ. ಆ ಜಾಗ ಸರಿಮಾಡಿ ಹೋಗಿ. ನನಗೆ ಬೇರೆ ಏನೂ ಬೇಡ," ಎಂದ. ಬರುವಾಗ ಅವನ ಹೆಂಡತಿ ಒಂದು ಪೊಟ್ಟಣ ಬ್ರೆಡ್ಡು ಕೈಗಿಟ್ಟಳು. ಮುಖ ನೋಡಲಿಲ್ಲ, ಆದರೆ ಇಟ್ಟಳು.

ಸಂಜೆ ಗ್ರಾಸಿಯೇಲಾ ಜೊತೆ ಮತ್ತೆ ಬಿಳಿ ಮನೆಗೆ ಹೋದೆ. ಪೊಟ್ಟಣ ನೋಡಿದ ದೋನ್ಯಾ ನೆಲಿದಾ ಏನೂ ಕೇಳದೆ ಕುರ್ಚಿ ಎಳೆದರು. ನಾನು ಜಾಗದ ವಿಷಯ ಎತ್ತಲಿಲ್ಲ. ಅಂದು ಯಾಕೆ ಒಲ್ಲೆ ಎಂದಿರಿ ಎಂದು ಕೇಳಿದೆ. ಆಕೆ ಮಗನ ಕಡೆ ನೋಡಿದರು. ಆ ಪ್ರಶ್ನೆಯನ್ನು ಆತನೂ ಎಂದೂ ಕೇಳಿರಲಿಲ್ಲವಂತೆ.

ಗಂಡ ತೀರಿಹೋಗಿ ತಿಂಗಳಾಗಿರಲಿಲ್ಲ. ಕ್ಲಬ್ಬಿನ ಐದು ಜನ ಟೋಪಿ ಕೈಯಲ್ಲಿ ಹಿಡಿದು ಬಂದರು. ಸಂತಾಪ ಹೇಳಿದರು. ಆಮೇಲೆ ಮೇಜಿನ ಮೇಲೆ ಒಂದು ನಕ್ಷೆ ಬಿಡಿಸಿದರು. ದಾರಿ ಆಗಲೇ ಆಕೆಯ ಹೊಲದ ನಡುವೆ ಹಾದುಹೋಗಿತ್ತು, ಶಾಯಿಯಲ್ಲಿ. ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಕೂಡ ಮಾಡಿದ್ದರು.

"ಮೊದಲು ಗೀಚಿ ಆಮೇಲೆ ಕೇಳಿದರು," ಎಂದರು. "ಮೊದಲು ಕೇಳಿದ್ದರೆ ಕೊಡುತ್ತಿದ್ದೆನೋ ಏನೋ. ಈಗ ಯಾರಿಗೆ ಗೊತ್ತು."

ನಾನು ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ್ದೂ ಅದನ್ನೇ. ನನ್ನ ಚೀಲದಲ್ಲಿ ಬೀಸಣಿಗೆಯ ಹಾಗೆ ಅಗಲವಾದ ಜಲ್ಲಿ ಹಾಸಿನ ಹೊಸ ನಕ್ಷೆ ತಯಾರಾಗಿತ್ತು, ಅರ್ಧ ಹೊಲ ನುಂಗುವಂಥದ್ದು. ಅದನ್ನು ಚೀಲದಲ್ಲೇ ಬಿಟ್ಟು ಒಂದು ಖಾಲಿ ಹಾಳೆ ತೆಗೆದೆ. "ನೀವೇ ತೋರಿಸಿ. ಕಾರುಗಳು ಎಲ್ಲೆಲ್ಲಿ ಬಂದು ನಿಂತಿವೆ?"

ಆಕೆ ಹಾಳೆ ಮುಟ್ಟಲಿಲ್ಲ. ಎದ್ದು ಹೊಲಕ್ಕೆ ನಡೆದರು. ಟೊಮ್ಯಾಟೊ ಗಿಡಕ್ಕೆ ಆಸರೆ ಕೊಡುವ ಕೋಲುಗಳ ಕಟ್ಟೊಂದನ್ನು ಮಗನ ತೋಳಿಗೆ ಹಾಕಿದರು. "ಇಲ್ಲೊಂದು ಕೋಲು ನೆಡು. ಕೆಂಪು ಕಾರು, ನೀನು ಶಾಲೆ ಬಿಟ್ಟ ವರ್ಷ. ಇಲ್ಲಿ, ಪಶುವೈದ್ಯ, ಎರಡು ಸಲ. ಇಲ್ಲಿ, ಮೇಯರ್ ಮಗ, ಕುಂಬಳಕಾಯಿ ಮಡಿಯಲ್ಲಿ, ಅಳುತ್ತಿದ್ದ." ಪ್ರತಿ ಕಾರೂ ಆಕೆಗೆ ನೆನಪಿತ್ತು. ಎಷ್ಟು ಹೊತ್ತಿಗೆ, ಯಾವ ಬೆಳೆಯ ಮೇಲೆ, ಯಾರ ಮೂಗಿನಲ್ಲಿ ರಕ್ತ. ಯಾವ ಕ್ಲಬ್ಬಿನ ದಾಖಲೆಯಲ್ಲೂ ಇರದ ಲೆಕ್ಕ. ಕೊನೆಗೆ ಕಲ್ಲಿನ ತೊಟ್ಟಿಯ ಹತ್ತಿರ ಒಂದು ಕೋಲು ಊರಿಸಿದರು.

ಹಿಂದೆ ಸರಿದು ನೋಡಿದೆ. ಕೋಲುಗಳೆಲ್ಲ ಸೇರಿ ಬೀಸಣಿಗೆಯಾಗಿರಲಿಲ್ಲ. ಎಡಕ್ಕೆ ಸ್ವಲ್ಪ ವಾಲಿದ ಕಿರಿದಾದ ನಾಲಗೆಯ ಆಕಾರ. ತಿರುಗಿಸಲು ಹೋಗಿ ಆಗದೆ ಜಾರಿದ ಕಾರುಗಳು ಹೆಚ್ಚು ಕಡಿಮೆ ಒಂದೇ ದಾರಿ ಹಿಡಿದಿದ್ದವು. ನಾನು ಕೇಳಲಿದ್ದ ಜಾಗದ ಮೂರನೇ ಒಂದು ಪಾಲೂ ಬೇಕಿರಲಿಲ್ಲ. ಎರಡೂ ಬದಿಗೆ ಇನ್ನಷ್ಟು ಸೇರಿಸಿದರೂ ತರಕಾರಿ ಮಡಿ ಮುಕ್ಕಾಲು ಉಳಿಯುತ್ತಿತ್ತು. ತೊಟ್ಟಿ ಮತ್ತು ಕೋಳಿಗೂಡು ಮಾತ್ರ ನಾಲಗೆಯ ತುದಿಯಲ್ಲಿದ್ದವು, ಅವನ್ನು ಪಕ್ಕಕ್ಕೆ ಸರಿಸಬೇಕಿತ್ತು.

"ಇಷ್ಟು ಗೊತ್ತಿದ್ದೂ ಕೋಳಿಗೂಡನ್ನ ಇಲ್ಲೇ ಯಾಕೆ ಕಟ್ಟಿದಿರಿ?" ಎಂದು ಕೇಳಿದೆ.

"ಬಾಗಿಲು ಭಾರ ಇರುತ್ತೆ," ಎಂದರು. "ಬಿದ್ದ ಕಡೆಯಿಂದ ಯಾರು ಹೊತ್ತುಕೊಂಡು ಹೋಗುತ್ತಾರೆ?"

ಒಸ್ವಾಲ್ದೊ ನಕ್ಕದ್ದನ್ನು ಆಗ ನೋಡಿದೆ, ಜೊತೆಗೆ ತಾಯಿಯೂ ನಕ್ಕರು. ಅವರು ತಾಯಿಯ ಮುಂದೆ, ತಾಯಿ ಅವರ ಮುಂದೆ, ರೇಸಿನ ವಿಷಯಕ್ಕೆ ನಕ್ಕದ್ದು ಅದೇ ಮೊದಲು ಎಂದು ಗ್ರಾಸಿಯೇಲಾ ನನ್ನ ಕಿವಿಯಲ್ಲಿ ಹೇಳಿದಳು.

ಆಕೆ ಜಾಗ ಮಾರಲಿಲ್ಲ. ಮಾರುವ ಮಾತಿಗೆ ಆಗಲೂ ಒಲ್ಲೆ ಎಂದೇ ಹೇಳಿದರು. ನಾಲಗೆಯಷ್ಟು ಜಾಗವನ್ನು ಬಳಸಿಕೊಳ್ಳಲು ಬಿಟ್ಟರು, ಎರಡು ಷರತ್ತಿನ ಮೇಲೆ. ಸಮಿತಿಯವರು ಒಬ್ಬೊಬ್ಬರಾಗಿ ಬಂದು, ಕೈಯಲ್ಲಿ ಕಾಗದವಿಲ್ಲದೆ ಕೇಳಬೇಕು. ಜಲ್ಲಿ ದಾಟಿ ಏನೇ ಹಾರಿ ಬಂದರೂ ಅದು ಹಿಂದಿನಂತೆ ತಮ್ಮದೇ. ಸಮಿತಿಯವರು ಕ್ಯೂ ನಿಂತು ಕೇಳಿದರು. ಅಧ್ಯಕ್ಷರು ಮರೆತು ಜೇಬಿನಲ್ಲಿ ಪೆನ್ನಿಟ್ಟುಕೊಂಡು ಬಂದು, ವಾಪಸು ಹೋಗಿ ಮತ್ತೆ ಬರಬೇಕಾಯಿತು.

ಹೊಸ ವರದಿಯನ್ನು ಗೋರ್ಡನ್ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ. ಕೋಲುಗಳ ಅಳತೆಯನ್ನು ತಾನೇ ಕೂತು ವೇಗದ ಲೆಕ್ಕಕ್ಕೆ ಹಚ್ಚಿ ನೋಡಿದ. ಮುದುಕಿಯ ನೆನಪಿಗೂ ಅವನ ಕ್ಯಾಲ್ಕುಲೇಟರಿಗೂ ಹೆಚ್ಚಿನ ಜಗಳವಿರಲಿಲ್ಲ. ಕೊನೆಯ ಷರತ್ತಿಗೆ ಬಂದಾಗ ಕನ್ನಡಕ ತೆಗೆದ. "ಬಾಗಿಲು, ಚಕ್ರ, ಬಂಪರುಗಳ ಒಡೆತನ ಅಂತ ಒಂದು ಕಲಂ ಇದೆ."

"ಅದಿಲ್ಲದೆ ಜಾಗ ಇಲ್ಲ."

"ನಾನೇನೂ ತೆಗಿ ಅನ್ನಲಿಲ್ಲ ಲವ್. ಬಾನೆಟ್ಟು ಬಿಟ್ಟು ಹೋಗಿದೆ, ಸೇರಿಸು."

ಅಂದಿನಿಂದ ಆಫೀಸಿನಲ್ಲಿ ಕಾಲ್ನಡಿಗೆಯಲ್ಲಿ ಸುತ್ತದೆ ಯಾವ ಟ್ರ್ಯಾಕಿನ ವರದಿಗೂ ಸಹಿ ಬೀಳಲಿಲ್ಲ. ಈಗ ನಿಮಗೆ ಡ್ರೋನ್ ಇದೆ, ಲೇಸರ್ ಅಳತೆ ಇದೆ, ಕಾರಿನೊಳಗಿನ ವಿಡಿಯೊ ಇದೆ. ನನ್ನಂತೆ ದಿಕ್ಕು ತಪ್ಪುವುದು ನಿನಗೆ ಸಾಧ್ಯವೇ ಆಗಲಿಕ್ಕಿಲ್ಲ. ಬೇರೆ ತಪ್ಪು ಸಿಗುತ್ತದೆ, ಆ ಬಗ್ಗೆ ಚಿಂತಿಸಬೇಡ. ಸಿಕ್ಕಾಗ ಮೊದಲು ಯಾರ ಮನೆಗೆ ಹೋಗಬೇಕು ಎಂಬುದನ್ನು ಮಾತ್ರ ಸರಿಯಾಗಿ ನೋಡಿಕೋ. ಅಲ್ಲಿನವರು ಈಗ, ನಾನು ಗಾಳಿಯ ಬಾಣ ನೋಡಿ ತಪ್ಪಾಗಿ ಹೆಸರಿಟ್ಟ ಆ ಇನ್ನೊಂದು ತಿರುವನ್ನು ನಿಜವಾಗಿಯೂ ವಿಯೆಂತೊ ಎಂದೇ ಕರೆಯುತ್ತಾರೆ. ನನ್ನ ಗೌರವಾರ್ಥ.

ದೊಡ್ಡ ರೇಸ್ ಮರುವರ್ಷ ನಡೆಯಿತು. ಆ ಭಾನುವಾರ ಇಲ್ಲಿ ಸಂಜೆಯಾಗಿತ್ತು. ನಾನು ರೊಟ್ಟಿ ತಟ್ಟುತ್ತಿದ್ದೆ, ನಮ್ಮವರು ಊಟದ ಮೇಜಿನಲ್ಲಿ ಪೇಪರ್ ಓದುತ್ತಿದ್ದರು. ಬೆಳಿಗ್ಗೆಯಿಂದ ನಾನು ಮೂರು ಸಲ ಉಪ್ಪು ಹಾಕಿ, ಒಂದು ಸಲ ಹಾಕದೆ, ಏನೇನೋ ಮಾಡುತ್ತಿದ್ದೆ. ಅವರು ಗಮನಿಸಿಯೂ ಪೇಪರಿನ ಪುಟ ತಿರುವುತ್ತಿದ್ದರು. ಪಕ್ಕದ ಕೋಣೆಯಲ್ಲಿ ಫೋನ್ ರಿಂಗಾಯಿತು. ಗ್ರಾಸಿಯೇಲಾ. ಅವಳು ಇಮೇಲ್ ಬಿಟ್ಟು ಫೋನ್ ಮಾಡಿದ್ದು ಇಲ್ಲವೇ ಇಲ್ಲ. ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದುಕೊಂಡೆ.

"ಏನಾಯ್ತು?"

"ಒಂದು ಕಾರು ನೋ ತಿರುವಲ್ಲಿ ನೇರ ಬಂತು. ತುಂಬ ವೇಗ."

"ಆಮೇಲೆ?"

"ಜಲ್ಲಿಗೆ ಇಳೀತು. ನಿಂತ್ಕೊಂಡ್ತು. ಡ್ರೈವರ್ ಬಾಗಿಲು ತೆಗೆದು ಇಳಿದ. ನಡ್ಕೊಂಡು ಹೋದ."

"ಆಮೇಲೆ?"

"ಆಮೇಲೇನೂ ಇಲ್ಲ. ಏನೂ ಆಗಲಿಲ್ಲ. ಅದನ್ನ ನಿಮಗೆ ಹೇಳು ಅಂತ ಅಜ್ಜಿ ಹೇಳಿದ್ರು. ಅದಕ್ಕೇ ಫೋನ್ ಮಾಡ್ದೆ."

ಫೋನ್ ಇಟ್ಟು ಅಡುಗೆಮನೆಗೆ ಬಂದೆ. ನಮ್ಮವರು ಪೇಪರಿನಿಂದ ತಲೆಯೆತ್ತಿದರು.

"ಯಾರೇ ಅದು?"

"ಅರ್ಜೆಂಟೀನಾದಿಂದ."

"ಏನಂತೆ?"

"ಏನೂ ಆಗಿಲ್ವಂತೆ."

"ಅದನ್ನ ಹೇಳೋಕೆ ಅಷ್ಟು ದೂರದಿಂದ ಫೋನ್ ಮಾಡಿದ್ರಾ?"

"ಹೂಂ," ಎಂದೆ. ಹಂಚಿನ ಮೇಲಿದ್ದ ರೊಟ್ಟಿ ಕಪ್ಪಾಗಿ ಸೀದುಹೋಗಿತ್ತು. ಅವರು ಎದ್ದು ಬಂದು ಅದನ್ನು ಎರಡು ಹೋಳು ಮಾಡಿ, ಒಂದನ್ನು ನನ್ನ ತಟ್ಟೆಗೆ ಹಾಕಿ, ಒಂದನ್ನು ತಾವು ಇಟ್ಟುಕೊಂಡರು. ಇಬ್ಬರೂ ನಿಂತುಕೊಂಡೇ ತಿಂದೆವು.